ತರಗತಿಯೂ ಕಲಿಯುವ ಹಂಬಲವೂ

"ಈಗಿನ ಹುಡುಗರಿಗೆ ಕಲಿಯುವ ಆಸಕ್ತಿಯೇ ಇಲ್ಲ."

ಅಧ್ಯಾಪಕರ ಕೊಠಡಿಯಲ್ಲಿ ವಾರಕ್ಕೆ ಎರಡು ಬಾರಿಯಾದರೂ ಈ ಮಾತು ಕಿವಿಗೆ ಬೀಳುತ್ತದೆ. ಅನ್ಯರನ್ನೇಕೆ ದೂರಲಿ? ನಾನೂ ಇದನ್ನು ಎಷ್ಟೋ ಸಲ ಆಡಿದ್ದೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು ನಮ್ಮನ್ನು ಕುರಿತು ಇದೇ ಮಾತನ್ನು ಆಡಿದ್ದರು. ಅವರ ಗುರುಗಳು ಅವರನ್ನು ಕುರಿತು ಆಡಿರಲಿಕ್ಕೂ ಸಾಕು. ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಸಾಗಿಬರುವ ಮಾತನ್ನು ಸ್ವಲ್ಪ ಸಂಶಯದಿಂದ ನೋಡುವುದು ಇತಿಹಾಸದ ಅಧ್ಯಾಪಕನಾದ ನನ್ನ ಕರ್ತವ್ಯ. ಅದು ರೋಗದ ನಿದಾನವೋ, ವೈದ್ಯನ ನೆಪವೋ ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ವಿಚಾರಿಸಬೇಕೆಂದು ಬಯಸಿದ್ದೇನೆ.

ಆಸಕ್ತಿ ಹುಟ್ಟಿಸಲು ನಾವು ಮಾಡುವ ಉಪಾಯಗಳೇನು? ಶೇಕಡ 75ರಷ್ಟು ಹಾಜರಿಯಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆದರಿಸುತ್ತೇವೆ. ಆಂತರಿಕ ಅಂಕಗಳ ಆಸೆಯನ್ನು ತೋರಿಸುತ್ತೇವೆ. ಮೊಬೈಲನ್ನು ಕಿತ್ತಿಟ್ಟುಕೊಳ್ಳುತ್ತೇವೆ. ವರುಷಕ್ಕೊಮ್ಮೆ ದೂರದಿಂದ ಒಬ್ಬ ಭಾಷಣಕಾರರನ್ನು ಕರೆಸಿ, ಬಡತನದಲ್ಲಿ ಹುಟ್ಟಿ ದೊಡ್ಡವರಾದವರ ಕತೆಗಳನ್ನು ಹೇಳಿಸುತ್ತೇವೆ. ಇವೆಲ್ಲ ನಿರುಪಯುಕ್ತವೆಂದು ನಾನು ಹೇಳುವುದಿಲ್ಲ. ಹಾಜರಿಯ ಭಯದಿಂದ ದೇಹವು ಬೆಂಚಿನ ಮೇಲೆ ಬಂದು ಕೂರುತ್ತದೆ. ಅದೂ ಒಂದು ಲಾಭವೇ. ಆದರೆ ಭಾಷಣದಿಂದ ಹುಟ್ಟಿದ ಉತ್ಸಾಹವು ಸಭೆ ಮುಗಿದ ಮೇಲೆ ಕುಡಿಯುವ ಚಹದಷ್ಟು ಹೊತ್ತೂ ಬಿಸಿಯಾಗಿ ಉಳಿಯದಿರುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಕಡೆಯಿಂದ ನೋಡೋಣ. ನಾನು ಕೊಕ್ಕರ್ಣೆಯ ಕಡೆಯವನು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ನಮ್ಮ ಸೀಮೆಯಲ್ಲಿ ಆಟಗಳಿಗೆ ಕೊರತೆಯಿಲ್ಲ. ಮಂದಾರ್ತಿಯ ಹರಕೆಯ ಆಟ ಇಂದು ಈ ಊರಿನಲ್ಲಾದರೆ ನಾಳೆ ಪಕ್ಕದ ಊರಿನಲ್ಲಿ. ಈಚೆಗೆ ಕೆಲವು ಮೇಳಗಳು ಕಾಲಮಿತಿಗೆ ಬಂದಿವೆಯಾದರೂ, ಬೆಳಗಿನ ಜಾವದ ತನಕ ಕಣ್ಣು ಮುಚ್ಚದೆ ಕುಳಿತು ಆಟ ನೋಡಿದ ಹುಡುಗರನ್ನು ನಾನು ಚೆನ್ನಾಗಿ ಬಲ್ಲೆ. ಅವರಲ್ಲಿ ಕೆಲವರು ಮರುದಿನ ನನ್ನ ತರಗತಿಯಲ್ಲಿ ನಿದ್ದೆ ಹೋಗುತ್ತಾರೆ! ಒಂದು ಗಂಟೆಯ ಪಾಠವನ್ನು ಕೂತು ಕೇಳಲಾರದವನು ಇಡೀ ರಾತ್ರಿ ಪ್ರಸಂಗವನ್ನು ಹೇಗೆ ಕೇಳಿದ? ಅವನಿಗೆ ಏಕಾಗ್ರತೆ ಇಲ್ಲವೆಂದು ಹೇಳುವುದಾದರೂ ಹೇಗೆ?

"ಆಟ ಎಂದರೆ ರಂಜನೆ, ಪಾಠ ಎಂದರೆ ಶ್ರಮ, ಎರಡಕ್ಕೂ ಹೋಲಿಕೆ ಏತರದು?" ಎಂದು ನನ್ನ ಮಿತ್ರರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ಕರ್ಣಪರ್ವದಲ್ಲಿ ಕರ್ಣನು ಸಾಯುತ್ತಾನೆಂಬುದು ಆಟದ ಗದ್ದೆಯಲ್ಲಿ ಕುಳಿತ ಮಕ್ಕಳಿಗೂ ಗೊತ್ತು. ಆದರೂ ಏಕೆ ಕಾಯುತ್ತಾರೆ? ಶಲ್ಯನ ಚುಚ್ಚುಮಾತಿಗೆ ಈ ರಾತ್ರಿಯ ಕರ್ಣ ಏನು ಉತ್ತರ ಕೊಟ್ಟಾನು ಎಂಬುದು ಯಾರಿಗೂ ಗೊತ್ತಿಲ್ಲ. ಅರ್ಥ ಹೇಳುವವನು ಅದನ್ನು ಬರೆದುಕೊಂಡು ಬಂದಿರುವುದಿಲ್ಲ. ಎದುರಾಳಿಯ ಮಾತನ್ನು ಕೇಳಿ, ಅಲ್ಲಿಯೇ ಆಲೋಚಿಸಿ, ಅಲ್ಲಿಯೇ ಉತ್ತರಿಸಬೇಕು. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಬರಿಯ ಮಾತಿಗಾಗಿಯೇ ಜನ ಗಂಟೆಗಟ್ಟಲೆ ಕೂರುತ್ತಾರೆ. ನಮ್ಮ ತರಗತಿಯಲ್ಲಿ ಆಗುವುದು ಇದಕ್ಕೆ ವಿರುದ್ಧ. ಅಲ್ಲಿ ಪ್ರಶ್ನೆ ಕೇಳುವವರು ನಾವೇ. ಉತ್ತರ ನಮ್ಮ ಟಿಪ್ಪಣಿಯಲ್ಲಿ ಮೊದಲೇ ಇದೆ. ಅದು ಗೈಡಿನಲ್ಲಿಯೂ ಇದೆ ಎಂಬುದು ಹುಡುಗರಿಗೆ ಗೊತ್ತಿದೆ. ಕಾಯುವುದಕ್ಕೆ ಏನೂ ಉಳಿದಿಲ್ಲದ ಕಡೆ ಕಣ್ಣು ಮುಚ್ಚಿಬಂದರೆ ಆಶ್ಚರ್ಯವೇನು?

ಶ್ರಮದ ಮಾತಿಗೆ ಬಂದರೆ, ಚೆಂಡೆ ಕಲಿಯುವ ಹುಡುಗನ ಬೆರಳುಗಳನ್ನು ನೋಡಿದವರು ಅದರಲ್ಲಿ ಶ್ರಮವಿಲ್ಲವೆಂದು ಹೇಳಲಾರರು. ಶ್ರಮಕ್ಕೆ ಹುಡುಗರು ಹಿಂಜರಿಯುವುದಿಲ್ಲ. ಏತಕ್ಕೆಂದು ತಿಳಿಯದ ಶ್ರಮಕ್ಕೆ ಹಿಂಜರಿಯುತ್ತಾರೆ. ಇದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಪುಸ್ತಕ ಓದಿ ಬಂದವನಲ್ಲ. ನನ್ನದೇ ಒಂದು ತಪ್ಪಿನಿಂದ ಬಂದೆ. ಅದನ್ನು ಹೇಳಿಬಿಡುವುದು ಒಳ್ಳೆಯದು.

ಹನ್ನೆರಡು ವರುಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಕಾಲೇಜಿನಲ್ಲಿದ್ದೆ. ಭೂಸುಧಾರಣೆಯ ಪಾಠ ನಡೆಯುತ್ತಿತ್ತು. ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆದು, "ಚಾಲಗೇಣಿದಾರನಿಗೆ ಇದ್ದ ದೊಡ್ಡ ಭಯ ಯಾವುದು?" ಎಂದು ಕೇಳಿದೆ. ಯಾರೂ ಎದ್ದು ನಿಲ್ಲಲಿಲ್ಲ. ಕೊನೆಗೆ ಕಡೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಗೇಣಿ ಕೊಡುಕಾಯ್ಲಿಲ್ಲ ಅಂದ್ರೆ ಒಕ್ಲ್ ಎಬ್ಸ್ತಿದ್ರ್ ಸಾರ್" ಎಂದಳು.

ಉತ್ತರ ಸರಿಯಾಗಿತ್ತು. ಒಕ್ಕಲೆಬ್ಬಿಸುವುದು ಎಂಬುದಕ್ಕಿಂತ ಸರಿಯಾದ ಮಾತು ಕನ್ನಡದಲ್ಲಿಯೇ ಇಲ್ಲ. ಆದರೆ ನಾನು ಉತ್ತರವನ್ನು ನೋಡಲಿಲ್ಲ, ಮಾತನ್ನು ನೋಡಿದೆ. "ಕೊಡುಕಾಯ್ಲಿಲ್ಲ ಅಲ್ಲಮ್ಮ, ಕೊಡಲಾಗದಿದ್ದರೆ ಎನ್ನಬೇಕು. ಇದು ಪದವಿ ತರಗತಿ" ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗಿ ಕುಳಿತಳು. ಆ ಮೂರು ವರುಷಗಳಲ್ಲಿ ಆಕೆ ನನ್ನ ತರಗತಿಯಲ್ಲಿ ಮತ್ತೊಮ್ಮೆ ಬಾಯಿ ತೆರೆಯಲಿಲ್ಲ. ಆ ಮಾತು ಅವಳೊಬ್ಬಳದೇ ಆಗಿರಲಿಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ನನ್ನ ತಾಯಿ ಆಡುವುದೂ ಅದೇ ಕುಂದಾಪುರದ ಕನ್ನಡವನ್ನು. ಮನೆಯಲ್ಲಿ ನಾನು ಆಡುವುದೂ ಅದನ್ನೇ. ಕಾಲೇಜಿನ ಬಾಗಿಲಿನಲ್ಲಿ ಚಪ್ಪಲಿ ಕಳಚಿಡುವಂತೆ ಅದನ್ನು ಕಳಚಿಟ್ಟು ಒಳಗೆ ಹೋಗುವುದನ್ನು ನಾನು ಎಂದೋ ಕಲಿತುಬಿಟ್ಟಿದ್ದೆ. ಅವಳು ಇನ್ನೂ ಕಲಿತಿರಲಿಲ್ಲ.

ಐದಾರು ವರುಷಗಳ ಅನಂತರ ಕೊಕ್ಕರ್ಣೆಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಆಕೆಯೇ ಗುರುತು ಹಿಡಿದು ಮಾತನಾಡಿಸಿದಳು. ಬ್ರಹ್ಮಾವರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುವುದಾಗಿ ಹೇಳಿದಳು. ದಾರಿಯುದ್ದಕ್ಕೂ ಮಾತನಾಡಿದಳು. ಅವಳ ಅಜ್ಜಿ ಎರಡು ಸಲ ಒಕ್ಕಲು ಎದ್ದವಳಂತೆ. ಎರಡನೆಯ ಸಲ ಮಳೆಗಾಲದ ನಡುವೆ, ಕೈಗೂಸನ್ನು ಕಟ್ಟಿಕೊಂಡು. 1974ರ ಕಾಯಿದೆ ಬಂದ ಮೇಲೆ ಅರ್ಜಿ ಹಾಕಿ, ನ್ಯಾಯಮಂಡಳಿಯ ಮುಂದೆ ತಾನೇ ನಿಂತು ಮಾತನಾಡಿ, ಎಪ್ಪತ್ತು ಸೆಂಟ್ಸ್ ಜಾಗವನ್ನು ಪಡೆದವಳು. "ಅದನ್ನೆಲ್ಲ ಆ ದಿನ ತರಗತಿಯಲ್ಲಿ ಹೇಳಬೇಕೆಂದಿದ್ದೆ ಸಾರ್. ಆ ಪಾಠ ನನಗೆ ಬಹಳ ಇಷ್ಟವಾಗಿತ್ತು" ಎಂದಳು. ಆಕೆಯ ಮಾತಿನಲ್ಲಿ ಕಹಿ ಇರಲಿಲ್ಲ. ಹಾಗಿದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೋ ಏನೋ.

ಆ ರಾತ್ರಿ ನನಗೆ ಅರ್ಥವಾದುದು ಇಷ್ಟು. ಆಕೆಗೆ ಆಸಕ್ತಿ ಇತ್ತು. ನಾನು ಹುಟ್ಟಿಸಬೇಕಾಗಿರಲಿಲ್ಲ, ಕೊಲ್ಲದಿದ್ದರೆ ಸಾಕಾಗಿತ್ತು.

ಮುಂದಿನ ವರುಷ ಅದೇ ಪಾಠಕ್ಕೆ ಬಂದಾಗ ಒಂದು ಸಣ್ಣ ಪ್ರಯೋಗ ಮಾಡಿದೆ. "ನಿಮ್ಮ ಮನೆಯಲ್ಲಿರುವ ಒಂದು ಹಳೆಯ ಕಾಗದದ ನಕಲನ್ನು ತನ್ನಿ. ಕಾಗದವಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಈ ಮನೆಗೆ ನಾವು ಬಂದದ್ದು ಹೇಗೆ ಎಂಬುದನ್ನು ಬರೆದು ತನ್ನಿ" ಎಂದೆ. ನಲವತ್ತು ಮಂದಿಯಲ್ಲಿ ತಂದವರು ಹದಿಮೂರು ಮಂದಿ. ಒಬ್ಬನು ನ್ಯಾಯಮಂಡಳಿಯ ಆದೇಶದ ನಕಲನ್ನು ತಂದ. ಒಬ್ಬಳು ತಾಯಿಯ ಬೀಡಿ ಲೆಕ್ಕದ ಪುಸ್ತಕ ತಂದಳು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಜ್ಜ ಊರಿಗೆ ಬರೆದ ಅಂಚೆಕಾರ್ಡನ್ನು ಇನ್ನೊಬ್ಬ ತಂದ. ಬರಿಗೈಯಲ್ಲಿ ಬಂದ ಒಬ್ಬ ಹುಡುಗ ಎದ್ದು ನಿಂತು, "ನಮ್ ಮನೆಲ್ ಕಾಗ್ದ ಇಲ್ಲ ಸಾರ್. ಅಜ್ಜ ಅರ್ಜಿ ಕೊಡ್ಲೇ ಇಲ್ಲ" ಎಂದ.

ಏಕೆ ಕೊಡಲಿಲ್ಲ? ಇದನ್ನು ಕೇಳಿದವನು ನಾನಲ್ಲ, ಮುಂದಿನ ಬೆಂಚಿನ ಇನ್ನೊಬ್ಬ ಹುಡುಗ. "ಒಡೆಯರು ಒಳ್ಳೆಯವರು, ಉಂಡ ಮನೆಗೆ ಎರಡು ಬಗೆಯಬಾರದು ಅಂತ." ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದಳು. ಅವಳದು ಭೂಮಿ ಕಳೆದುಕೊಂಡ ಮನೆ. ವಿಧವೆಯಾಗಿದ್ದ ಅಜ್ಜಿಗೆ ಇದ್ದುದು ಎರಡೇ ಎಕರೆ; ಅದೂ ಹೋಯಿತಂತೆ. "ಎಲ್ಲ ಒಡೆಯರೂ ಶ್ರೀಮಂತರಾಗಿರಲಿಲ್ಲ" ಎಂದು ಆಕೆ ಸ್ವಲ್ಪ ಬಿಸಿಯಾಗಿಯೇ ಹೇಳಿದಳು. ಕಾಯಿದೆ ಒಂದೇ, ಒಬ್ಬ ಅರ್ಜಿ ಹಾಕಿದ, ಒಬ್ಬ ಹಾಕಲಿಲ್ಲ, ಒಬ್ಬಳು ಕಳೆದುಕೊಂಡಳು. ಇದು ನ್ಯಾಯವೋ ಅಲ್ಲವೋ ಎಂದು ಅವರು ನನ್ನನ್ನು ಕೇಳಿದರು. ಕೆಲವಕ್ಕೆ ಉತ್ತರ ನನ್ನ ಟಿಪ್ಪಣಿಯಲ್ಲಿರಲಿಲ್ಲ. "ನಾಳೆ ಕಾಯಿದೆಯನ್ನೇ ತರುತ್ತೇನೆ, ಓದಿ ನೋಡೋಣ" ಎಂದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲವೆಂದು ಬರೆದರೆ ಅದು ಕತೆಯಾಗುತ್ತದೆ. ಕೇಳಿಸಿತು, ಬಸ್ಸಿಗೆ ಹೋಗಬೇಕಾದವರು ಎದ್ದು ಹೋದರು. ಆದರೆ ಮರುದಿನ 1961ರ ಭೂಸುಧಾರಣಾ ಕಾಯಿದೆಯನ್ನೂ 1974ರ ತಿದ್ದುಪಡಿಯನ್ನೂ ಮೇಜಿನ ಮೇಲಿಟ್ಟಾಗ, ಅದನ್ನು ನೋಡಲು ಹುಡುಗರು ತಾವಾಗಿ ಎದ್ದು ಬಂದರು. ನನ್ನ ಅಧ್ಯಾಪನ ಜೀವನದಲ್ಲಿ ಅಂಥ ದಿನಗಳು ಹೆಚ್ಚಿಲ್ಲ.

ಆ ವರುಷದ ಪರೀಕ್ಷಾಫಲದಲ್ಲಿ ಅದ್ಭುತವೇನೂ ಆಗಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ಮಾತನಾಡುವವರ ಸಂಖ್ಯೆ ಹೆಚ್ಚಿತು. ಗ್ರಂಥಾಲಯದ ಇತಿಹಾಸದ ಕಪಾಟಿನ ಬೀಗ ಕೆಲವು ಸಲ ಹೆಚ್ಚಾಗಿ ತೆರೆಯಿತು.

ಊರಿನ ಸುದ್ದಿಯಿಂದ ಪಾಠ ಸಣ್ಣದಾಗುತ್ತದೆ, ಜಗತ್ತಿನ ಅರಿವು ಆಗುವುದಿಲ್ಲ ಎಂಬ ಭಯ ಬೇಡ. ನಮಗೆ ಹತ್ತಿರದಲ್ಲಿಯೇ ಬಾರಕೂರು ಇದೆ. ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂದು ಒಂದು ಪ್ರಾಂತಕ್ಕೇ ಹೆಸರು ಕೊಟ್ಟ ಊರು. 14ನೆಯ ಶತಮಾನದಲ್ಲಿ ಮೊರಾಕೊ ದೇಶದ ಇಬ್ನ್ ಬತೂತ ಈ ಕರಾವಳಿಯಲ್ಲಿ ಸಾಗಿದಾಗ ಫಾಕನೂರು ಎಂಬ ಹೆಸರಿನಿಂದ ವರ್ಣಿಸಿದ ಪಟ್ಟಣವನ್ನು ವಿದ್ವಾಂಸರು ಬಾರಕೂರೆಂದು ಗುರುತಿಸಿದ್ದಾರೆ. ಅಲ್ಲಿ ಕಬ್ಬು ಹೇರಳವಾಗಿ ಬೆಳೆಯುವುದನ್ನು ಅವನು ವಿಶೇಷವಾಗಿ ಹೇಳಿದ್ದಾನೆ. ಇದನ್ನು ತರಗತಿಯಲ್ಲಿ ಹೇಳಿದಾಗ, ಒಂದು ಮಾತೂ ಆಡದಿದ್ದ ಹುಡುಗನೊಬ್ಬ, ಬ್ರಹ್ಮಾವರದ ಸಕ್ಕರೆ ಕಾರ್ಖಾನೆಗೆ ತನ್ನ ಅಜ್ಜ ಕಬ್ಬು ಸಾಗಿಸುತ್ತಿದ್ದರೆಂದು ಹೇಳಿದ. ಆ ಸಹಕಾರಿ ಕಾರ್ಖಾನೆ ನಿಂತುಹೋಗಿ ವರುಷಗಳೇ ಆದುವು. ಆರುನೂರಕ್ಕೂ ಹೆಚ್ಚು ವರುಷಗಳ ಹಿಂದೆ ಪರದೇಶದವನ ಕಣ್ಣಿಗೆ ಬಿದ್ದ ಬೆಳೆ ನಮ್ಮ ಗದ್ದೆಗಳಿಂದ ಏಕೆ ಮರೆಯಾಯಿತು? ಈ ಒಂದು ಪ್ರಶ್ನೆ ಸಾಕು, ಮೊರಾಕೊದಿಂದ ಬ್ರಹ್ಮಾವರದ ತನಕ, ಇತಿಹಾಸದಿಂದ ಅರ್ಥಶಾಸ್ತ್ರದ ತನಕ ನಡೆಯುವುದಕ್ಕೆ. ಕಲ್ಯಾಣಪುರದಲ್ಲಿ ಪ್ರಾಂಶುಪಾಲರಾಗಿದ್ದ ಡಾ. ಪಾದೂರು ಗುರುರಾಜ ಭಟ್ಟರು ಊರೂರು ಅಲೆದು, ಪಾಳುಬಿದ್ದ ದೇಗುಲ ಶಾಸನಗಳನ್ನು ತಾವೇ ಕಂಡು, 1975ರಲ್ಲಿ ತುಳುವ ಇತಿಹಾಸದ ಬೃಹದ್ಗ್ರಂಥವನ್ನು ಹೊರತಂದರು. ದೊಡ್ಡ ವಿದ್ವತ್ತಿಗೂ ಕಾಲ್ನಡಿಗೆಯ ದೂರದಲ್ಲಿ ಸಾಮಗ್ರಿ ಸಿಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜನ್ನು ನಡುವೆಯೇ ಬಿಟ್ಟವರು. ಅವರೇ ಮುಂದೆ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ರಚಿಸಿದರು. ಕುತೂಹಲಕ್ಕೆ ಪದವಿಯ ಹಂಗಿಲ್ಲ. ಆದರೆ ಪದವಿಗೆ ಕುತೂಹಲದ ಹಂಗು ಇರಬೇಕು.

ಹೊರಗಿನ ಒಂದು ಉದಾಹರಣೆಯನ್ನೂ ಕೊಡಬಹುದು. 1963ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಎಂಬಲ್ಲಿ ಪಾವ್ಲೊ ಫ್ರೇರೆ ಎಂಬ ಶಿಕ್ಷಕ ಮತ್ತು ಅವನ ಸಂಗಡಿಗರು ಸುಮಾರು 300 ಮಂದಿ ದುಡಿಮೆಗಾರರಿಗೆ ಸುಮಾರು 40 ಗಂಟೆಗಳಲ್ಲಿ ಓದು ಬರಹ ಕಲಿಸಿದರು. ಮಂತ್ರವೇನೂ ಇರಲಿಲ್ಲ. ವರ್ಣಮಾಲೆಯಿಂದ ಮೊದಲುಮಾಡದೆ, ಆ ಜನ ದಿನವೂ ಆಡುವ ಬದುಕಿನ ಶಬ್ದಗಳಿಂದ ಮೊದಲುಮಾಡಿದರು. ನಮ್ಮ ರಾಜ್ಯದಲ್ಲಿಯೂ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 'ನಲಿ-ಕಲಿ' ಎಂಬ ಪದ್ಧತಿ ಹುಟ್ಟಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಇಂದು ನನ್ನ ಎದುರಿಗೆ ಕುಳಿತಿರುವವರಲ್ಲಿ ಬಹಳ ಮಂದಿ ಒಂದನೆಯ ತರಗತಿಯಲ್ಲಿ ಗುಂಪಾಗಿ ಕೂತು, ಹಾಡುತ್ತ, ಚೀಟಿಗಳನ್ನು ಆರಿಸಿಕೊಳ್ಳುತ್ತ ಕಲಿತವರು. ಅಂದು ಚಿಲಿಪಿಲಿಗುಟ್ಟಿದವರು ಪದವಿ ತರಗತಿಗೆ ಬರುವಷ್ಟರಲ್ಲಿ ಮೂಕರಾಗಿದ್ದಾರೆ. ನಡುವಿನ ಹನ್ನೆರಡು ವರುಷಗಳಲ್ಲಿ ನಾವು ಅವರಿಗೆ ಏನು ಮಾಡಿದೆವು? ಈ ಪ್ರಶ್ನೆ ಅವರದಲ್ಲ, ನಮ್ಮದು.

ಅಧ್ಯಾಪಕರ ಕಷ್ಟಗಳನ್ನು ಮರೆತು ನಾನು ಬರೆಯುತ್ತಿಲ್ಲ. 2021ರಲ್ಲಿ ಒಂದು ಪಠ್ಯಕ್ರಮ ಬಂದಿತು. 2024ರಲ್ಲಿ ಅದು ಹೋಗಿ ಇನ್ನೊಂದು ಬಂದಿತು. ಸೆಮಿಸ್ಟರು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಸರಕಾರಿ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರುಷ ತಾವು ಇಲ್ಲಿರುವೆವೋ ಇಲ್ಲವೋ ಎಂಬುದೇ ತಿಳಿಯದು. ತನಗೇ ನೆಲೆಯಿಲ್ಲದವನು ಹುಡುಗರ ಮನಸ್ಸನ್ನು ನೆಲೆಗೊಳಿಸಬೇಕೆಂದು ಕೇಳುವುದು ಕ್ರೌರ್ಯ. ವಿದ್ಯಾರ್ಥಿಗಳ ಕಷ್ಟವೂ ಕಡಮೆಯದಲ್ಲ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತರೂ, ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ನಮ್ಮ ಜಿಲ್ಲೆಯ ಒಳನಾಡಿನ ಹುಡುಗಿಗೆ ಅದರ ಪ್ರಯೋಜನ ಪೂರ್ತಿಯಾಗಿ ಮುಟ್ಟಿಲ್ಲ. ಬಸ್ಸಿನ ಹಣ ಜೋಡಿಸಿಕೊಂಡು ಬಂದವಳು ತರಗತಿಯಲ್ಲಿ ದಣಿದಿದ್ದರೆ ಅದು ಅನಾಸಕ್ತಿಯಲ್ಲ. ಇವುಗಳನ್ನು ಸರಿಪಡಿಸಬೇಕಾದವರು ಸರಿಪಡಿಸಲಿ; ಅದಕ್ಕಾಗಿ ನಾವು ಕೇಳುತ್ತಲೇ ಇರಬೇಕು.

ಆದರೆ ಅದಾಗುವ ತನಕ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ಕೈಕಟ್ಟಿ ಕೂರಬೇಕಾದುದಿಲ್ಲ. ಖರ್ಚಿಲ್ಲದ ಮೂರು ಕೆಲಸಗಳಿವೆ. ಪಾಠವನ್ನು ಹುಡುಗರಿಗೆ ಗೊತ್ತಿರುವ ಕಡೆಯಿಂದ ಮೊದಲುಮಾಡಿ ಗೊತ್ತಿಲ್ಲದ ಕಡೆಗೆ ಒಯ್ಯಬಹುದು. ವಾರಕ್ಕೆ ಒಂದಾದರೂ ಪ್ರಶ್ನೆಯನ್ನು, ಉತ್ತರ ನಮಗೂ ಖಚಿತವಿಲ್ಲದ ಪ್ರಶ್ನೆಯನ್ನು, ತರಗತಿಯಲ್ಲಿ ಇಟ್ಟು ಕಾಯಬಹುದು. ಉತ್ತರ ಯಾವ ಕನ್ನಡದಲ್ಲಿ ಬಂದರೂ ಮೊದಲು ಅದನ್ನು ಉತ್ತರವೆಂದು ಸ್ವೀಕರಿಸಬಹುದು. ಬರಹದ ಕನ್ನಡವನ್ನು ಕಲಿಸಬಾರದೆಂದು ನನ್ನ ವಾದವಲ್ಲ. ಪರೀಕ್ಷೆಗೂ ಉದ್ಯೋಗಕ್ಕೂ ಅದು ಬೇಕು. ಅದನ್ನು ಕಲಿಸದಿರುವುದು ಹುಡುಗರಿಗೆ ಮಾಡುವ ಮೋಸ. ಆದರೆ ಅದನ್ನು ಕಾಗದದ ಮೇಲೆ, ಸಾವಧಾನವಾಗಿ, ಒಬ್ಬೊಬ್ಬರಿಗೆ ತಿದ್ದಿ ಕಲಿಸಬಹುದು. ನಲವತ್ತು ಮಂದಿಯ ನಗುವಿನ ನಡುವೆ ಕಲಿಸಬೇಕಾದುದಿಲ್ಲ.

ವಿದ್ಯಾರ್ಥಿಮಿತ್ರರೇ, ನಿಮಗೂ ಒಂದು ಮಾತಿದೆ. ಕಲಾ ವಿಭಾಗಕ್ಕೆ ಬಂದುದನ್ನು ಬೇರೆ ಕಡೆ ಸೀಟು ಸಿಕ್ಕದವರ ಗತಿಯೆಂದು ನಿಮ್ಮಲ್ಲಿ ಕೆಲವರು ತಿಳಿದಿರುವುದನ್ನು ನಾನು ಬಲ್ಲೆ. ನಿಮ್ಮ ಅಜ್ಜಿ ನ್ಯಾಯಮಂಡಳಿಯ ಮುಂದೆ ಏನು ಹೇಳಿದರೆಂಬುದನ್ನು ಬರೆದಿಡಬಲ್ಲವರು ನಿಮ್ಮ ಹೊರತು ಬೇರೆ ಯಾರೂ ಇಲ್ಲ. ಆ ಹಿರಿಯರು ಇನ್ನು ಎಷ್ಟು ವರುಷ ಇರುವರು? ಮುಂಬರುವ ಬೇಸಗೆಯ ರಜೆಯಲ್ಲಿ ಒಂದು ಸಂಜೆ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ. ನಕ್ಕವರಲ್ಲಿ ನೀವೂ ಇದ್ದಿರಬಹುದು. ಇನ್ನು ಮುಂದೆ ಎದ್ದು ನಿಂತವನನ್ನು ಕಂಡು ನಗಬೇಡಿ.

ರಜೆ ಕಳೆದು ಕಾಲೇಜು ತೆರೆದ ಮೊದಲ ದಿನ ನೀವು ಬರೆದು ತಂದುದನ್ನು ಓದಿಸುವುದರಿಂದಲೇ ನನ್ನ ಪಾಠವನ್ನು ಮೊದಲುಮಾಡಬೇಕೆಂದಿದ್ದೇನೆ. ನಿಮ್ಮ ಮನೆಯ ಮಾತಿನಲ್ಲಿಯೇ ಓದಿ. ತಪ್ಪಿದ್ದರೆ ಸಂಗತಿಯನ್ನು ತಿದ್ದೋಣ. ಮಾತನ್ನು ತಿದ್ದುವುದು ನಾನು ಬಿಟ್ಟು ಆರು ವರುಷಗಳಾದುವು.